ಯಾರೂ ಬಾರದ ಸಾವು

ತಂದೂರಿನ ಬಾಯಿಗೆ ಬಗ್ಗಿ, ಒದ್ದೆ ಬಟ್ಟೆ ಸುತ್ತಿದ ಬಲಗೈಯನ್ನು ಭುಜದವರೆಗೆ ಒಳಗಿಳಿಸಿ ಮುಕರ್ರಮ್ ರೊಟ್ಟಿ ಬಡಿಯುತ್ತಿದ್ದಳು. ಮೊದಲ ಸಾಲು ಗೋಡೆಗೆ ಅಂಟಿ ಆಗಿತ್ತು, ಎರಡನೆಯದಕ್ಕೆ ಕೈ ಹಾಕಿದ್ದಳು. ಅಷ್ಟರಲ್ಲಿ ಬೀದಿ ಬಾಗಿಲನ್ನು ಯಾರೋ ಮುಷ್ಟಿ ಕಟ್ಟಿ ಗುದ್ದಿದರು. ಅಂಟಬೇಕಿದ್ದ ಹಿಟ್ಟು ಜಾರಿ ಕೆಂಡದ ಮೇಲೆ ಬಿತ್ತು.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳ ಕೈಯಿಂದ ರೊಟ್ಟಿ ಕೆಂಡಕ್ಕೆ ಬಿದ್ದದ್ದೇ ಇಲ್ಲ. ಈ ಚಳಿಗಾಲದಲ್ಲಿ ಮಾತ್ರ ಬೀಳತೊಡಗಿತ್ತು. ಇಕ್ಕಳದಿಂದ ಅದನ್ನೆತ್ತಿ, ಬೂದಿ ಕೊಡವಿ, ತುಟಿಗೆ ಮುಟ್ಟಿಸಿ ಹಣೆಗೊತ್ತಿಕೊಂಡು, ಹಕ್ಕಿಗಳಾದರೂ ತಿನ್ನಲಿ ಎಂದು ಮಣ್ಣಿನ ಗೋಡೆಯ ಮೇಲಿಟ್ಟಳು.

ಬಾಗಿಲ ಮೇಲೆ ಮತ್ತೆ ಗುದ್ದು ಬಿತ್ತು. ಅವಳ ಕಣ್ಣು ಹೋದದ್ದು ಬಾಗಿಲ ಕಡೆಗಲ್ಲ, ಅಂಗಳದ ಹಿಂಬದಿಯ ಕೋಣೆಯ ಕಡೆಗೆ. ಕಿಟಕಿಗೆ ಕಂಬಳಿ ಇಳಿಬಿಟ್ಟಿದ್ದು ಸರಿಯಾಗಿಯೇ ಇತ್ತು. ಅಂಗಳದ ಕಾಲುವೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು ಬಟ್ಟಲು ತೊಳೆಯುತ್ತಿದ್ದ ಹಿಲೋಲಾ ಕೂಡ ಅತ್ತಲೇ ನೋಡಿದಳು. ತಾಯಿ ಮಗಳ ಕಣ್ಣುಗಳು ಒಂದು ಗಳಿಗೆ ಕೂಡಿ, ಕಳ್ಳರ ಕಣ್ಣಿನ ಹಾಗೆ ಬೇರೆಯಾದವು.

"ಮುಕರ್ರಮ್‌ಖೋನ್! ಇದೀಯೇನೇ, ಇಲ್ಲ ರಷ್ಯಾಕ್ಕೆ ಗಂಡನ ಹತ್ರ ಓಡಿಹೋದ್ಯಾ? ನಿನ್ನ ಮನೆ ಬಾಗಿಲು ದಾಟೋದಕ್ಕಿಂತ ಗಡಿ ದಾಟೋದು ಸುಲಭ ಕಣೇ!"

ಕರೋಮತ್ ಓಪಾಳ ಗಂಟಲು; ಓಣಿಗೆಲ್ಲ ಅವಳು ಓಪಾ, ಅಕ್ಕ. ಮದುವೆ, ಮುಂಜಿ, ಸಾವು ಏನೇ ಇರಲಿ, ಮೊಹಲ್ಲಾದಲ್ಲಿ ಮನೆಮನೆಗೆ ಹೋಗಿ ಕರೆಯುವ ಕೆಲಸ ಅವಳದು. ಅವಳು ಒಂದು ಮನೆ ಬಿಟ್ಟು ಮುಂದೆ ಹೋದಳೆಂದರೆ ಆ ಮನೆಯವರು ಊರಿಗೆ ಸತ್ತಂತೆ. ಮುಕರ್ರಮ್ ಅಗುಳಿ ತೆಗೆದಳು.

"ಬನ್ನಿ ಓಪಾ, ಬನ್ನಿ. ಕೈ ತಂದೂರಲ್ಲಿತ್ತು."

"ಮೊದಲೆಲ್ಲ ಹಗಲು ಹೊತ್ತು ಅಗುಳಿ ಹಾಕಿದವಳಲ್ಲ ನೀನು." ಕರೋಮತ್ ಒಳಗೆ ಕಾಲಿಟ್ಟವಳೇ ಮೂಗು ಅರಳಿಸಿದಳು. "ಮತ್ತೆ ಇಸಿರಿಕ್ ಹೊಗೆ! ದಿನಾ ಬೆಳಿಗ್ಗೆ ಓಣಿ ತುಂಬ ನಿಮ್ಮ ಮನೆ ಹೊಗೇನೇ. ಯಾರ ಕಣ್ಣು ಬಿತ್ತೇ ನಿಮ್ಮ ಮೇಲೆ? ನಮ್ಮಂಥ ಬಡವರ ಮೇಲೆ ಕಣ್ಣು ಹಾಕೋಕೆ ಯಾರಿಗೆ ಪುರುಸೊತ್ತು?"

ದೃಷ್ಟಿ ತೆಗೆಯಲು, ಕಾಯಿಲೆಯ ಗಾಳಿ ಓಡಿಸಲು ಆ ಒಣಸೊಪ್ಪು ಸುಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ದಿನವೂ ಸುಡುವುದು ಕಾಯಿಲೆ ಬಿದ್ದವರು ಇರುವ ಮನೆಯಲ್ಲಿ ಮಾತ್ರ. ಮುಕರ್ರಮ್‌ಗೆ ಅದು ಹೊಳೆದದ್ದು ಈಗ. ಇಷ್ಟು ದಿನ ವಾಸನೆ ಮುಚ್ಚುತ್ತಿದ್ದೇನೆ ಎಂದುಕೊಂಡು ಅವಳು ಓಣಿಗೆಲ್ಲ ಸಾರುತ್ತಿದ್ದಳು.

ಏನೋ ಹೇಳಲು ಬಾಯಿ ತೆರೆದಳು. ಆಗಲೇ ಹಿಂದಿನ ಕೋಣೆಯಿಂದ ಕೆಮ್ಮು ಬಂತು, ಎದೆಯ ತಳದಿಂದ ಕಿತ್ತುಕೊಂಡು ಬರುವಂಥ ಉದ್ದನೆಯ ಒಣಕೆಮ್ಮು.

ಹಿಲೋಲಾ ತಟ್ಟನೆ ಎದ್ದು ನಿಂತು ಕೆಮ್ಮತೊಡಗಿದಳು. ಬಗ್ಗಿ, ಹೊಟ್ಟೆ ಹಿಡಿದುಕೊಂಡು, ಮುಖ ಕೆಂಪಗಾಗುವಷ್ಟು. ಒಳಗಿನ ಕೆಮ್ಮು ನಿಂತ ಮೇಲೂ ಇನ್ನೆರಡು ಸಲ ಕೆಮ್ಮಿ, ಕಣ್ಣೊರೆಸಿಕೊಂಡು ಮತ್ತೆ ಬಟ್ಟಲಿಗೆ ಕೈ ಹಾಕಿದಳು.

"ಅಯ್ಯೋ ನನ್ನ ಕಂದ! ಎದೆ ಹಿಡಿದುಬಿಟ್ಟಿದೆಯಲ್ಲೇ ಇದಕ್ಕೆ," ಎಂದಳು ಕರೋಮತ್. "ಅದಕ್ಕೇನಾ ಹೊಗೆ? ಕುರಿಬಾಲದ ಕೊಬ್ಬು ಕರಗಿಸಿ ಬಿಸಿ ಹಾಲಿಗೆ ಹಾಕಿ ಕುಡಿಸು. ಹೊಗೆ ಯಾರನ್ನ ಉಳಿಸಿದೆ?"

"ಕುಡಿಸ್ತೀನಿ ಓಪಾ."

ಒಂಬತ್ತು ವರ್ಷದ ಮಗುವಿಗೆ ತಾನು ಇಂಥ ಕೆಮ್ಮು ಕಲಿಸಿದವಳಲ್ಲ. ತಾನಾಗಿ ಕಲಿತಿದೆ.

"ಸರಿ, ಬಂದ ಕೆಲಸ ಕೇಳು," ಎಂದು ಕರೋಮತ್ ಬಿಸಿ ರೊಟ್ಟಿಯೊಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. "ಮಧ್ಯಾಹ್ನ ರೋಬಿಯಾ ಓಟಿನ್ ಮನೆಗೆ ಹೆಂಗಸರೆಲ್ಲ ಬರಬೇಕು. ಆ ಜನಾಜಾ ವಿಷಯ ಮತ್ತೆ ಎದ್ದಿದೆ. ಆಸ್ಪತ್ರೆ ಗುಲ್ಬಹೋರ್ ಇದಾಳಲ್ಲ, ನರ್ಸಮ್ಮ, ಅವಳು, ಇನ್ನೊಂದಿಷ್ಟು ಹುಡುಗರು ಸೇರಿ ಇಮಾಮರ ತಲೆ ತಿಂದಿದಾರೆ. ಕಟ್ಟಳೆ ತೆಗೀಬೇಕಂತೆ. ಹಿರಿಯರು ಶುಕ್ರವಾರ ತೀರ್ಮಾನ ಮಾಡ್ತಾರೆ. ಅದಕ್ಕೂ ಮೊದಲು ತಾಯಂದಿರು ಏನಂತಾರೆ ಕೇಳಿ ಅಂದಿದಾರೆ. ನೀನು ಮಾತಾಡಬೇಕು ಕಣೇ. ಆವತ್ತು ಹೇಳಿದ್ಯಲ್ಲ, ಅದನ್ನೇ ಹೇಳು. ನಿನ್ನ ಮಾತಿಗಿರೋ ತೂಕ ನಮ್ಯಾರ ಮಾತಿಗೂ ಇಲ್ಲ."

"ನಾನಾ? ನನಗೇನು ಮಾತು ಬರತ್ತೆ ಓಪಾ..."

"ಹೋಗೇ, ನಾಟಕ ಮಾಡಬೇಡ. ರೊಟ್ಟಿ ನಿನ್ನದೇ ಆಗಲಿ ಅಂದಿದಾರೆ ಓಟಿನ್. ಒಂದು ಬುಟ್ಟಿ ತುಂಬ ತಾ." ಬಾಗಿಲು ದಾಟುವಾಗ ಅವಳು ತಿರುಗಿ ನೋಡಿದಳು. "ಮಗೂನೂ ಕರ್ಕೊಂಡು ಬಾ. ಒಂದೇ ಬಿಟ್ಟು ಬರಬೇಡ, ಹಾಗೆ ಕೆಮ್ಮತಾ ಇದೆ."

*

ಆ ಕಟ್ಟಳೆ ಬಂದದ್ದು ಎರಡು ವರ್ಷದ ಹಿಂದೆ. ಪಾಮಿರ್ ಬೆಟ್ಟ ದಾಟಿ ಈ ಓಷ್ ಊರಿಗೆ ಇಳಿಯುವ ಬಿಳಿ ಪುಡಿ, ಹೆರಾಯಿನ್, ಇನ್ನೆಲ್ಲಿಗೋ ಹೋಗುವಂಥದ್ದು. ಹೋಗುವ ದಾರಿಯಲ್ಲಿ ಒಂದಿಷ್ಟು ಇಲ್ಲೂ ಉದುರುತ್ತಿತ್ತು. ಉದುರಿದ್ದನ್ನು ಹುಡುಗರು ಹೆಕ್ಕಿದರು. ಆ ವರ್ಷ ಮೊಹಲ್ಲಾದಲ್ಲಿ ಒಂದರ ಹಿಂದೆ ಒಂದು ಹೆಣ ಎದ್ದಿತು, ಎಲ್ಲವೂ ಮೀಸೆ ಬಲಿಯದವರದು. ಪೊಲೀಸರು ಹಿಡಿದವರನ್ನು ದುಡ್ಡು ಬಿಡಿಸಿ ತರುತ್ತಿತ್ತು. ಕಡೆಗೆ ಹಿರಿಯರು ಸೇರಿ, ಸರ್ಕಾರದ ಕಾನೂನು ಮಾಡದ್ದನ್ನು ಓಣಿಯ ಕಾನೂನು ಮಾಡಲಿ ಎಂದರು. ಪುಡಿ ಮಾರಿದವನು ಸತ್ತರೆ ಜನಾಜಾ ನಮಾಜಿಗೆ, ಹೂಳುವ ಮುಂಚಿನ ಪ್ರಾರ್ಥನೆಗೆ, ಯಾರೂ ನಿಲ್ಲಕೂಡದು. ಹೆಣ ತೊಳೆಯಕೂಡದು, ಹೆಗಲು ಕೊಡಕೂಡದು, ಆ ಮನೆಗೆ ರೊಟ್ಟಿ ಕಳಿಸಕೂಡದು. ಅಂಥವನನ್ನು ಒಳಗಿಟ್ಟುಕೊಂಡ ಮನೆಗೂ ಅದೇ ಗತಿ.

ಹೆಂಗಸರು ಅಂದು ಹಿಂದೆ ಮುಂದೆ ನೋಡಿದ್ದರು. ಹೆಣಕ್ಕೆ ಶಿಕ್ಷೆ ಕೊಡುವುದುಂಟೇ ಎಂದು ಮುದುಕಿಯೊಬ್ಬಳು ಅತ್ತಿದ್ದಳು. ಆಗ ಎದ್ದು ನಿಂತವಳು ಮುಕರ್ರಮ್. ಅವಳ ತಮ್ಮ ಇಲ್ಹೋಮ್ ಪುಡಿ ಮಾರಿಯೇ ಜೈಲು ಸೇರಿದ್ದ. ತಾಯಿ ಸತ್ತ ಮೇಲೆ ಇದೇ ಓಣಿಯಲ್ಲಿ ಅವಳೇ ಸೊಂಟದಲ್ಲಿ ಹೊತ್ತು ಬೆಳೆಸಿದ ತಮ್ಮ. "ನನ್ನ ಒಡಹುಟ್ಟಿದವನೇ ಆದರೂ ಸರಿ," ಎಂದಿದ್ದಳು, "ಅವನ ಹೆಣದ ಮುಂದೆ ಯಾರೂ ನಿಲ್ಲಬೇಡಿ." ಆಮೇಲೆ ಒಬ್ಬರೂ ಎದುರಾಡಲಿಲ್ಲ.

ಬಾಯಿಮಾತಿಗೆ ಹೇಳಿದ್ದಲ್ಲ ಅದು. ಹೇಳುವಾಗ ಎದೆಯಾಳದಿಂದಲೇ ಹೇಳಿದ್ದಳು. ಈಗ ಅವಳನ್ನು ಅಟ್ಟಿಸಿಕೊಂಡು ಬರುತ್ತಿದ್ದುದೂ ಅದೇ. ನೀರು ತರಲು ಹೋದರೆ, ಬಜಾರಿನಲ್ಲಿ ರೊಟ್ಟಿ ಹರಡಿಕೊಂಡು ಕೂತರೆ, ಯಾರೋ ಒಬ್ಬರ ಬಾಯಿಂದ ಆ ಮಾತು ಮತ್ತೆ ಹೊರಬರುತ್ತಿತ್ತು: ಮುಕರ್ರಮ್ ಹೇಳಿದ ಹಾಗೆ, ಒಡಹುಟ್ಟಿದವನೇ ಆದರೂ ಸರಿ. ಬರುಬರುತ್ತಾ ಅದು ತನ್ನ ದನಿಯಲ್ಲ, ತನ್ನ ದನಿಯನ್ನು ಉಟ್ಟುಕೊಂಡು ಓಣಿಯಲ್ಲಿ ಓಡಾಡುವ ಬೇರೆ ಯಾವುದೋ ಹೆಂಗಸು ಎಂದು ಅವಳಿಗೆ ಅನ್ನಿಸತೊಡಗಿತ್ತು.

ಕಟ್ಟಳೆ ಮೊದಲು ಬಿದ್ದದ್ದು ಪಕ್ಕದ ಮನೆಯ ಮೇಲೆ. ವಿಧವೆ ತುರ್ಸುನೋಯ್ ಓಪಾಳ ಮಗ, ಪುಡಿ ಮಾರುತ್ತಿದ್ದ ಬೋತಿರ್ ಸತ್ತಾಗ ಅವಳು ರೂಢಿಯಂತೆ ಬೀದಿ ಬಾಗಿಲಾಚೆ ಬೆಂಚುಗಳನ್ನಿಟ್ಟಳು. ಗಂಡಸರು ಬಂದು ಕೂರಲಿ ಎಂದು. ಯಾರೂ ಬರಲಿಲ್ಲ. ಸಾವಿನ ಮನೆಯ ಗಂಡಸರು ಮಾಡುವ ಹಾಗೆ ನಡುವಿಗೆ ಪಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಅಳಲು ಆ ಮನೆಯಲ್ಲಿ ಗಂಡುದಿಕ್ಕಿರಲಿಲ್ಲ. ಸಂಜೆಯ ಹೊತ್ತಿಗೆ ದೂರದ ಯಾವುದೋ ಮೊಹಲ್ಲಾದಿಂದ ಕೂಲಿಗೆ ಬಂದ ಇಬ್ಬರು ಅವನನ್ನು ಕಲ್ಲಿದ್ದಲು ಗಾಡಿಯ ಮೇಲೆ ಕಂಬಳಿ ಸುತ್ತಿ ಒಯ್ದರು. ಮುಕರ್ರಮ್ ಬಾಗಿಲ ಬಿರುಕಿನಿಂದ ನೋಡಿದ್ದಳು. ಪಕ್ಕದಲ್ಲಿ ಹಿಲೋಲಾ ನಿಂತಿದ್ದಳು. "ಅಮ್ಮಾ, ಯಾಕೆ ಯಾರೂ..." ಎಂದು ಮಗು ಶುರುಮಾಡಿತ್ತು, ಮುಕರ್ರಮ್ ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿಬಿಟ್ಟಿದ್ದಳು.

ಕೈ ತೆಗೆದ ಮೇಲೂ ಆ ಮಾತು ಪೂರ್ತಿಯಾಗಲಿಲ್ಲ. ಮೊದಲು ಪಟಪಟ ಅನ್ನುತ್ತಿದ್ದ ಮಗು. ಚಂದ್ರ ಯಾಕೆ ನಮ್ಮ ಜೊತೆ ಬರತ್ತೆ, ಕುರಿಗೆ ಹೆಸರು ಯಾಕಿಲ್ಲ, ರೊಟ್ಟಿಗೆ ಯಾಕೆ ತೂತು ಎಂದು ತಲೆ ತಿನ್ನುತ್ತಿದ್ದವಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಆದರೆ ತುಟಿಯ ಹಿಂದೆ ಏನೋ ಇದೆ ಎಂಬುದು ತಾಯಿಗೆ ಕಾಣುತ್ತಿತ್ತು. ಕೆಲವು ಸಲ ತಲೆ ಬಾಚುವಾಗ ಮಗುವಿನ ಕುತ್ತಿಗೆ ಬಿಗಿಯಾಗುವುದು. ಕೇಳಿಬಿಡುತ್ತಾಳೆ ಎಂದು ಮುಕರ್ರಮ್ ಬಾಚಣಿಗೆಯನ್ನು ಬೇಗ ಬೇಗ ಎಳೆಯುವಳು.

ಬೆಂಚುಗಳು ಇನ್ನೂ ಅಲ್ಲೇ ಇದ್ದವು. ಮಳೆಗೆ ಕಪ್ಪಾದವು, ಹಿಮಕ್ಕೆ ಬಿರಿದವು, ತುರ್ಸುನೋಯ್ ಒಳಗಿಡಲಿಲ್ಲ. ಬೆಳಿಗ್ಗೆ ಎದ್ದು ಅವುಗಳ ಮೇಲಿನ ಧೂಳು ಒರೆಸುವಳು. ಜನ ಓಣಿಯ ಆಚೆ ಬದಿ ಹಿಡಿದು ನಡೆಯುವುದನ್ನು ರೂಢಿ ಮಾಡಿಕೊಂಡರು. ಮುಕರ್ರಮ್ ಕೂಡ. ಹಿಟ್ಟು ನಾದುವ ನಸುಕಿನಲ್ಲಿ ಅವಳಿಗೆ ಗಾಡಿಯ ಗಾಲಿ ಕಲ್ಲಿನ ಮೇಲೆ ಉರುಳಿದ ಸದ್ದು ಕೇಳುತ್ತಿತ್ತು. ಬಾಗಿಲ ಬಿರುಕಿಗೆ ಕಣ್ಣಿಟ್ಟರೆ ಓಣಿ ಖಾಲಿ. ನಾದುವುದಕ್ಕೆ ಬಂದು ಕೂತರೆ ಮತ್ತೆ ಗಾಲಿ.

ದಾಳಿಂಬೆ ಬಿರಿಯುವ ಕಾಲಕ್ಕೆ ಇಲ್ಹೋಮ್ ಬಂದ. ಕ್ಷಯ ಹತ್ತಿದ ಕೈದಿಗಳನ್ನು ಕ್ಷಮೆಯ ಹೆಸರಲ್ಲಿ ಬಿಟ್ಟುಬಿಟ್ಟಿದ್ದರು. ಸಾಯುವುದನ್ನು ಮನೆಯಲ್ಲೇ ಸಾಯಿ ಎನ್ನುವುದಕ್ಕೆ ಅವರಿಟ್ಟ ಹೆಸರು ಅದು. ತೋಟದ ಹಿಂದಿನ ಗೋಡೆಯ ಪಕ್ಕ, ಹಿಪ್ಪುನೇರಳೆ ಮರದ ಬುಡದಲ್ಲಿ ಕೂತಿದ್ದವನನ್ನು ಮುಕರ್ರಮ್ ಭಿಕ್ಷುಕ ಎಂದುಕೊಂಡು ರೊಟ್ಟಿ ಕೊಡಲು ಹೋದಳು. ಅವನು ನಕ್ಕಾಗ ಗುರುತು ಹತ್ತಿತು.

ಅಂದಿನಿಂದ ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಇಳಿಬಿದ್ದಿತ್ತು.

*

"ನಿನ್ನ ಭಾಷಣ ಇದೆಯಂತಲ್ಲಕ್ಕಾ," ಎಂದ ಇಲ್ಹೋಮ್, ಅವಳು ಬಟ್ಟಲು ಹಿಡಿದು ಒಳಬಂದಾಗ. ಗೋಡೆಗೆ ಒರಗಿಸಿದ ದಿಂಬುಗಳ ನಡುವೆ ಅವನ ಮುಖ ಚಿಕ್ಕದಾಗಿ ಕಾಣುತ್ತಿತ್ತು. "ಆ ಕರೋಮತ್ ಗಂಟಲು ಜೈಲಲ್ಲಿ ಇದ್ದಿದ್ರೆ ಒಬ್ಬನೂ ತಪ್ಪಿಸಿಕೊಳ್ತಾ ಇರಲಿಲ್ಲ. ಒಳ್ಳೆ ರುಮಾಲು ಕಟ್ಟಿಕೊಂಡು ಹೋಗು. ನೀಲಿದು."

"ಸುಮ್ಮನೆ ಕುಡಿ."

"ಹೇಳು ಅಕ್ಕಾ. ಆವತ್ತು ಹೇಳಿದ್ದನ್ನೇ ಹೇಳು. ಸುಳ್ಳೇನಲ್ಲವಲ್ಲ. ಇಲ್ಲ ಅಂದ್ರೆ ಯಾಕೆ ಮಾತು ಬದಲಾಯ್ತು ಅಂತ ಕೇಳ್ತಾರೆ. ಕೇಳಿದ್ರೆ ನೀನು ಬೆವರ್ತೀಯ. ಚಿಕ್ಕಂದಿನಿಂದ ನಿನಗೆ ಸುಳ್ಳು ಬರಲ್ಲ. ನಾಳೆಯಿಂದ ನಿನ್ನ ರೊಟ್ಟಿ ಯಾರು ಕೊಳ್ತಾರೆ? ಈ ಮಗೂಗೆ ಗಂಡು ಯಾರು ಕೊಡ್ತಾರೆ? ಸತ್ತವನಿಗೇನು, ನಮಾಜು ಓದಿದ್ರೂ ಕೇಳಲ್ಲ, ಬಿಟ್ರೂ ಕೇಳಲ್ಲ."

ಅವಳು ಬಟ್ಟಲು ಅವನ ತುಟಿಗೆ ಹಿಡಿದಳು. ಬೇರೆ ಬಟ್ಟಲು, ಬೇರೆ ಚಮಚ, ಬೇರೆ ಟವೆಲು. ಎಲ್ಲ ಕುದಿಸಿ ತೊಳೆಯುವಳು. ಹಿಲೋಲಾ ಹೊಸ್ತಿಲು ದಾಟಕೂಡದು ಎಂದು ಕಟ್ಟಪ್ಪಣೆ. ಮಗು ದಾಟುತ್ತಿರಲಿಲ್ಲ, ಹೊರಗಿನ ಜಗಲಿಯ ಮೇಲೆ ಕೂತು ಮುಚ್ಚಿದ ಬಾಗಿಲ ಜೊತೆ ಮಾತಾಡುತ್ತಿತ್ತು. ಮಾವ ಒಳಗಿನಿಂದ ಕತೆ ಹೇಳುವನು, ಸಾರಿ-ತಾಷ್ ಬೆಟ್ಟದ ದಾರಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ಕಾಲದ್ದು, ಹಿಮದಲ್ಲಿ ಸಿಕ್ಕಿಕೊಂಡ ಕತ್ತೆಯನ್ನು ಹಿಂದಿನ ಸೀಟಲ್ಲಿ ಕೂರಿಸಿಕೊಂಡು ಬಂದದ್ದು. ಮಗು ನಗುವುದು. ಈ ಮನೆಯಲ್ಲಿ ಆ ನಗು ಕೇಳುವುದು ಆಗ ಮಾತ್ರ.

ಜ್ವರ ಏರಿದಾಗ ಅವನು ಬೇರೆಯವರೊಡನೆ ಮಾತಾಡುತ್ತಿದ್ದ. "ಇವತ್ತಿಲ್ಲ, ಹೋಗು. ಹೋಗೋ, ನೀನಿನ್ನೂ ಚಿಕ್ಕವನು. ಸರಿ ಸರಿ, ಅಳಬೇಡ, ಒಂದೇ ಒಂದು. ಅಕ್ರಮ್, ಯಾರಿಗೂ ಹೇಳಬೇಡ." ಅಕ್ರಮ್ ಯಾರೆಂದು ಮುಕರ್ರಮ್‌ಗೆ ಗೊತ್ತಿತ್ತು. ಓಣಿಯ ತುದಿಮನೆಯ ಹೋಸಿಯತ್ ಓಪಾಳ ಒಬ್ಬನೇ ಮಗ. ಸತ್ತಾಗ ಅವನಿಗೆ ಹತ್ತೊಂಬತ್ತು. ಜ್ವರ ಇಳಿದ ಮೇಲೆ ತಮ್ಮ ಅವಳ ಮುಖ ನೋಡಿ ಏನು ಹೇಳಿದೆನೆಂದು ಊಹಿಸುವನು, ಗೋಡೆಯ ಕಡೆಗೆ ತಿರುಗಿಕೊಳ್ಳುವನು. ಆ ಮಾತುಗಳು ಜಗಲಿಯ ಮೇಲೆ ಕೂತ ಮಗುವಿಗೂ ಕೇಳಿರುತ್ತಿದ್ದವು.

ಬಟ್ಟಲು ಖಾಲಿಯಾಯಿತು. ಅವಳು ಏಳಬೇಕು ಎನ್ನುವಾಗ ಅವನು ಅವಳ ಅಂಗಿಯ ತೋಳಿನ ತುದಿ ಹಿಡಿದ. ತಮಾಷೆಯೆಲ್ಲ ಮುಖದಿಂದ ಇಳಿದುಹೋಗಿತ್ತು.

"ಅಕ್ಕಾ. ಬೋತಿರ್‌ನ ತೊಳೆದವರು ಯಾರು?"

ಅವಳಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಅದನ್ನು ಯಾರನ್ನೂ ಕೇಳಿರಲಿಲ್ಲ, ತನ್ನನ್ನೇ ಕೇಳಿಕೊಂಡಿರಲಿಲ್ಲ.

"ಗಾಡಿ ಮೇಲೆ ಹಾಕಿದ್ರಂತೆ. ನಿಜಾನಾ? ಕಲ್ಲಿದ್ದಲು ಗಾಡಿ?" ಅವನ ಬೆರಳು ಬಿಡಲಿಲ್ಲ. "ನನಗೆ ಏನೂ ಬೇಡ. ಆದ್ರೆ ಹಾಗೆ ಮಾತ್ರ..." ಎಂದು ನಿಲ್ಲಿಸಿದ. ಬಾಕಿಯದನ್ನು ಹೇಳಲು ಅವನಿಗೆ ನಾಚಿಕೆಯಾಯಿತು.

*

ಮಧ್ಯಾಹ್ನಕ್ಕೆ ಮುಂಚೆ ಬುಟ್ಟಿ ತುಂಬಿ, ಮೇಲೆ ಬಟ್ಟೆ ಮುಚ್ಚಿ, ಹಿಲೋಲಾಳ ಕೈಹಿಡಿದು ಮುಕರ್ರಮ್ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದಳು. ಒಳಗಿರುವ ಮನುಷ್ಯನಿಗೆ ಬೀಗ ಹಾಕುವಾಗ ದಿನವೂ ಆಗುವ ಹಾಗೆ ಇಂದೂ ಬೆನ್ನು ತಣ್ಣಗಾಯಿತು.

ಪಕ್ಕದ ಬಾಗಿಲಲ್ಲಿ ತುರ್ಸುನೋಯ್ ಬೆಂಚು ಒರೆಸುತ್ತಿದ್ದಳು. ಮುಕರ್ರಮ್ ಆಚೆ ಬದಿಗೆ ಹೆಜ್ಜೆ ಹಾಕಿದಳು. ಹಿಂದೆ ದನಿ ಬಂತು, ಗಟ್ಟಿಯಾಗಿಯಲ್ಲ.

"ಮೂಲಂಗಿ ಕೊರೆದು ಜೇನು ತುಂಬಿ ಇಡು. ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಆ ರಸ ಕೊಡು. ಬೆಳಗಿನ ಜಾವದ ಕೆಮ್ಮು ಸ್ವಲ್ಪ ಸಡಿಲ ಆಗತ್ತೆ."

ಮುಕರ್ರಮ್ ನಿಂತುಬಿಟ್ಟಳು. "ಮಗೂಗೆ ಕೊಡ್ತಾನೇ ಇದೀನಿ ಓಪಾ," ಎಂದಳು, ತಿರುಗದೆ.

"ಮಗೂಗಲ್ಲ." ತುರ್ಸುನೋಯ್ ಬಟ್ಟೆ ಹಿಂಡಿ ಕೊಡವಿದಳು. "ನನ್ನ ಹಾಸಿಗೆ ಇರೋದು ನಿಮ್ಮ ಆ ಗೋಡೆ ಪಕ್ಕದಲ್ಲೇ. ಬೋತಿರ್ ಮಲಗ್ತಾ ಇದ್ದ ಜಾಗ. ಮೊದಲ ದಿನ ಕೆಮ್ಮು ಕೇಳಿದಾಗ ಅವನೇ ವಾಪಸ್ ಬಂದ ಅಂತ ಎದ್ದು ಕೂತೆ."

ಯಾರಿಗೂ ಹೇಳುವುದಿಲ್ಲ ಎಂದೂ ಹೇಳಲಿಲ್ಲ, ಹೇಳುತ್ತೇನೆ ಎಂದೂ ಹೇಳಲಿಲ್ಲ. ದಾಳಿಂಬೆಯ ಕಾಲದಿಂದ ಗೋಡೆಯಾಚೆ ಮಲಗಿ ಎಲ್ಲ ಕೇಳುತ್ತಾ ಬಾಯಿ ಮುಚ್ಚಿಕೊಂಡಿದ್ದಳು. ಮುಕರ್ರಮ್‌ಳ ಮನೆಯಿಂದ ಒಂದು ರೊಟ್ಟಿಯೂ ಹೋಗದ ಮನೆಯ ಹೆಂಗಸು.

ಮುಕರ್ರಮ್ ಬುಟ್ಟಿಯ ಬಟ್ಟೆಗೆ ಕೈ ಹಾಕಿದಳು. ಒಂದು ರೊಟ್ಟಿ ತೆಗೆದರಾಯಿತು. ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಯಾರೋ ಬರುವುದು ಕಾಣಿಸಿ ಕೈ ತಾನಾಗಿಯೇ ಹಿಂದೆ ಬಂತು. ಬಟ್ಟೆ ಸರಿಪಡಿಸಿದಂತೆ ಮಾಡಿ ನಡೆದಳು. ಹಿಲೋಲಾ ಒಂದು ಸಲ ಬುಟ್ಟಿಯನ್ನು ನೋಡಿದಳು, ಒಂದು ಸಲ ತಾಯಿಯ ಮುಖವನ್ನು. ಕೈಯಲ್ಲಿದ್ದ ಪುಟ್ಟ ಕೈ ಬಿಗಿಯಾಯಿತು.

*

ರೋಬಿಯಾ ಓಟಿನ್ ಹೆಣ್ಣುಮಕ್ಕಳಿಗೆ ಕುರಾನು ಹೇಳಿಕೊಡುವವಳು. ಅವಳ ದೊಡ್ಡ ಕೋಣೆಯಲ್ಲಿ ಹಾಸಿದ ಊಟದ ಬಟ್ಟೆಯ ಸುತ್ತ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಒಣದ್ರಾಕ್ಷಿ, ಬಾದಾಮಿ, ಸಕ್ಕರೆ ಹರಳು, ಹಸಿರು ಚಹಾ. ಮುಕರ್ರಮ್‌ಳ ರೊಟ್ಟಿ ಮುರಿದು ಹಂಚಿದರು. ಹಿಲೋಲಾ ಚಹಾದ ಕೆಟಲು ಹಿಡಿದು ಬಟ್ಟಲುಗಳಿಗೆ ಬಗ್ಗಿಸುತ್ತಾ ಸುತ್ತು ಬರುತ್ತಿದ್ದಳು.

ಗುಲ್ಬಹೋರ್ ಮೊದಲು ಬಾಯಿ ತೆರೆದಳು. ಇನ್ನೂ ಆಸ್ಪತ್ರೆಯ ಬಿಳಿ ಕೋಟು ಕಳಚಿರಲಿಲ್ಲ.

"ಒಂದೇ ಮಾತು ಕೇಳ್ತೀನಿ. ಜನಾಜಾ ಸಿಗಲ್ಲ ಅಂತ ಹೆದರಿ ಪುಡಿ ಮಾರೋದು ಬಿಟ್ಟವನು ಒಬ್ಬನಿದ್ರೆ ತೋರಿಸಿ. ಒಬ್ಬನೇ ಒಬ್ಬ. ಆದದ್ದೇನು ಅಂದ್ರೆ ಜನ ಕಾಯಿಲೆಯವರನ್ನ ಬಚ್ಚಿಡ್ತಾ ಇದಾರೆ. ಆಸ್ಪತ್ರೆಗೆ ತಂದ್ರೆ ಹೆಸರು ಆಚೆ ಬರತ್ತೆ ಅಂತ. ಒಳಗೇ ಕೊಳೀತಾರೆ, ಮನೆಯಲ್ಲಿರೋ ಮಕ್ಕಳಿಗೂ ಕ್ಷಯ ಹಚ್ಚಿ ಸಾಯ್ತಾರೆ."

ಮುಕರ್ರಮ್ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿನಗೆ ಮದುವೆ ಆಗಿಲ್ಲ, ಮಕ್ಕಳಿಲ್ಲ, ನೀನೇನು ಮಾತಾಡ್ತೀಯೇ," ಎಂದಳು ಮೂಲೆಯಿಂದ ಒಬ್ಬಳು.

"ಹೌದಕ್ಕಾ, ನನಗಿಲ್ಲ. ನಿಮ್ಮ ಮಕ್ಕಳ ಕೈಗೆ ಸೂಜಿ ಚುಚ್ಚಿ ಚುಚ್ಚಿ ನನಗೆ ಪುರುಸೊತ್ತೇ ಇಲ್ಲ."

ಎರಡು ಮೂರು ಜನ ನಕ್ಕರು, ತಕ್ಷಣ ಬಾಯಿಗೆ ರುಮಾಲು ಒತ್ತಿಕೊಂಡರು.

"ಇನ್ನೊಂದು," ಎಂದಳು ಗುಲ್ಬಹೋರ್. "ಹೋದ ವರ್ಷ ಆ ಜೀಪಿನವನು ಸತ್ತ. ಮೂರು ಅಂತಸ್ತಿನ ಮನೆಯವನು. ಅವನ ಗೋದಾಮಲ್ಲಿ ಹಿಟ್ಟಿತ್ತು ಅಂತ ನಂಬಿದವರು ಕೈ ಎತ್ತಿ. ಅವನ ಜನಾಜಾಕ್ಕೆ ಬೀದಿ ಸಾಲಲಿಲ್ಲ. ಪಲಾವ್ ತಿಂದು ಬಂದವರು ಇಲ್ಲೇ ಎಷ್ಟು ಜನ ಇದೀರಿ ನೋಡಿ. ಕಟ್ಟಳೆ ಯಾರಿಗೆ? ತುರ್ಸುನೋಯ್ ಓಪಾಗಾ?"

"ಪಲಾವ್ ಚೆನ್ನಾಗಿತ್ತು ಬಿಡು," ಎಂದು ಗೊಣಗಿದಳು ಕರೋಮತ್. ಓಟಿನ್ ಅವಳತ್ತ ದುರುಗುಟ್ಟಿ ನೋಡಿದಳು.

ಹೋಸಿಯತ್ ಗೋಡೆಗೊರಗಿ ಕೂತಿದ್ದಳು. ಮಗ ಹೋದ ಮೇಲೆ ಅವಳ ಕೂದಲು ಪೂರಾ ಬೆಳ್ಳಗಾಗಿತ್ತು. ಅವಳು ಮಾತಾಡತೊಡಗಿದಾಗ ಬಟ್ಟಲುಗಳ ಸದ್ದು ನಿಂತಿತು.

"ನೀನು ಹೇಳಿದ್ದೆಲ್ಲ ಸರಿ ಮಗಳೇ. ಕಲಿತವಳು ನೀನು. ಜೀಪಿನವನಿಗೆ ಒಂದು ನ್ಯಾಯ, ಬಡವನಿಗೆ ಒಂದು, ಸರಿ. ಆದ್ರೆ ಜೀಪಿನವನು ನಮ್ಮ ಮನೆ ಬಾಗಿಲಿಗೆ ಬರಲಿಲ್ಲ. ನನ್ನ ಅಕ್ರಮ್ ಕೈಗೆ ಪುಡಿ ಇಟ್ಟವನು ಇದೇ ಓಣಿಯವನು. ನಾನು ಮಾಡಿದ ಸಾರು ಕುಡಿದವನು. ಅವನಿಗೆ ಗೊತ್ತಿತ್ತು ಇವನು ಯಾರ ಮಗ ಅಂತ. ನನಗೆ ಜೈಲು ಬೇಡ. ಗುಂಡು ಹೊಡೀರಿ ಅಂತಾನೂ ಕೇಳಿಲ್ಲ ನಾನು. ಅವನು ಸತ್ತಾಗ ನೀವೆಲ್ಲ ಸಾಲಾಗಿ ನಿಂತು 'ಒಳ್ಳೆಯವನಾಗಿದ್ದ' ಅಂತ ಸಾಕ್ಷಿ ಹೇಳಬೇಡಿ, ಅಷ್ಟೇ. ಒಳ್ಳೆಯವನಾಗಿರಲಿಲ್ಲ. ಅಷ್ಟು ಸುಳ್ಳು ಹೇಳಬೇಡಿ."

ಯಾರೋ ಬಿಕ್ಕಿದರು. ಗುಲ್ಬಹೋರ್ ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ, "ಬೋತಿರ್‌ನ ಅಮ್ಮ ಏನು ಮಾಡಿದ್ದಳು ಓಪಾ?" ಎಂದಳಷ್ಟೆ.

"ಬೆಳೆಸಿದ್ದಳು," ಎಂದಳು ಹೋಸಿಯತ್.

ಹಾಗೆಂದವಳು ತೆವಳಿಕೊಂಡು ಬಂದು ಮುಕರ್ರಮ್‌ಳ ಪಕ್ಕ ಕೂತಳು. ಅವಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. "ಇವಳೂ ಬೆಳೆಸಿದ್ದಳು. ತಮ್ಮನನ್ನ, ಹೊಟ್ಟೇಲಿ ಹುಟ್ಟಿದವನ ಹಾಗೆ. ಆದ್ರೂ ನನಗೋಸ್ಕರ ಎದ್ದು ನಿಂತು ಹೇಳಿದಳು. ನಿಮಗೆಲ್ಲ ಗೊತ್ತಿಲ್ಲ, ಆವತ್ತು ಬೆಳಿಗ್ಗೆ ನಾನು ಅಕ್‌ಬುರಾ ನದಿ ಹತ್ರ ಹೋಗಿದ್ದೆ, ಬೀಳೋಣ ಅಂತ. ಸಂಜೆ ಇವಳು ಆ ಮಾತು ಹೇಳಿದಳು. ಈ ಲೋಕದಲ್ಲಿ ಒಬ್ಬರಿಗಾದ್ರೂ ನನ್ನ ಮಗನ ಲೆಕ್ಕ ಇದೆ ಅಂತ ಅನ್ನಿಸ್ತು. ಅದನ್ನ ಹಿಡಕೊಂಡು ಬದುಕಿದೀನಿ." ಅವಳು ಮುಕರ್ರಮ್‌ಳ ಕೈಯನ್ನು ಕಣ್ಣಿಗೊತ್ತಿಕೊಂಡಳು. "ಹೇಳಮ್ಮಾ. ನೀನು ಹೇಳಿದ್ದೇ ಆಗಲಿ. ನೀನು ತೆಗೀರಿ ಅಂದ್ರೆ ನಾನೂ ತೆಗೀರಿ ಅಂತೀನಿ."

ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಮುಕರ್ರಮ್ ಎದ್ದು ನಿಂತಳು.

ಎರಡು ವರ್ಷದ ಹಿಂದೆಯೂ ಇಲ್ಲೇ ನಿಂತಿದ್ದಳು, ಇದೇ ಕಂಬದ ಪಕ್ಕ. ಆ ಹಳೆಯ ಮಾತು ಎಲ್ಲರ ಮುಖದ ಮೇಲೂ ಕಾಯುತ್ತಾ ಕೂತಿತ್ತು. ಅವಳು ಬರೀ ತುಟಿ ಅಲುಗಿಸಿದರೆ ಸಾಕು, ತಾನೇ ಬಂದು ಬಾಯಿ ಹೊಗುವಂತಿತ್ತು. ಹೇಳಿದರೆ ಮನೆ ಉಳಿಯುತ್ತದೆ, ರೊಟ್ಟಿ ಉಳಿಯುತ್ತದೆ, ಈ ಹೆಂಗಸಿನ ಜೀವ ಉಳಿಯುತ್ತದೆ. ಬೀಗದ ಹಿಂದೆ ದಿಂಬಿಗೊರಗಿದವನು ಇನ್ನು ಕೆಲವೇ ದಿನಕ್ಕೆ ಗಾಡಿ ಹತ್ತುತ್ತಾನೆ, ಅವನಿಗಾಗಿ ಗೋಡೆಯಾಚೆ ತುರ್ಸುನೋಯ್ ಒಬ್ಬಳೇ ಎದ್ದು ಕೂರುತ್ತಾಳೆ. ಹೇಳದಿದ್ದರೆ ಹೋಸಿಯತ್ ಮುಖ ಎತ್ತಿ ನೋಡುತ್ತಾಳೆ: ಯಾಕಮ್ಮಾ? ಆಗ ಈ ಮುಖಕ್ಕೆ ಏನು ಹೇಳುವುದು? ನಿನ್ನ ಮಗನ ಹೆಸರು ನಮ್ಮ ಮನೆಯಲ್ಲಿ ಜ್ವರ ಬಂದಾಗಲೆಲ್ಲ ಕೇಳುತ್ತದೆ ಎನ್ನುವುದೇ?

"ನಾನು ಆವತ್ತು..." ಎಂದಳು. "ಆವತ್ತು ನಾನು ಹೇಳಿದ್ದು..."

"ಒಡಹುಟ್ಟಿದವನೇ ಆದರೂ ಸರಿ," ಎಂದು ಕರೋಮತ್ ಎತ್ತಿಕೊಟ್ಟಳು, ಮರೆತ ಪದ್ಯವನ್ನು ಮಗುವಿಗೆ ನೆನಪಿಸುವ ಹಾಗೆ.

ಮುಕರ್ರಮ್‌ಳ ತುಟಿ ಅಲುಗಿತು. ಮಾತು ಬರಲಿಲ್ಲ. ಅವಳು ಯಾರತ್ತಲೂ ನೋಡಲಾರದೆ ಕೆಳಗೆ ನೋಡಿದಳು, ಅಲ್ಲಿ ಊಟದ ಬಟ್ಟೆಯ ತುದಿಯಲ್ಲಿ ಕೆಟಲು ಹಿಡಿದು ನಿಂತ ಮಗಳ ಕಣ್ಣು ಸಿಕ್ಕಿತು. ಬಾಗಿಲ ಬಿರುಕಿನ ಮುಂದೆ ನಿಂತಿದ್ದಾಗ ಇದ್ದದ್ದೇ ಆ ಕಣ್ಣು. ಎಷ್ಟೋ ತಿಂಗಳಿಂದ ತುಟಿಯ ಹಿಂದೆ ಇದ್ದದ್ದು ಮುಂದೆ ಬರುವುದು ತಾಯಿಗೆ ಕಂಡಿತು. ಕೈ ಚಾಚಿ ಬಾಯಿ ಮುಚ್ಚುವಷ್ಟು ಹತ್ತಿರದಲ್ಲೇ ಇದ್ದಳು ಮಗಳು. ಮುಕರ್ರಮ್‌ಳ ಬಲಗೈ ಎದ್ದಿತು. ಅರ್ಧಕ್ಕೆ ನಿಂತಿತು. ಕೆಳಗಿಳಿಯಿತು.

ಹಿಲೋಲಾ ಕೆಟಲನ್ನು ಚೆಲ್ಲದಂತೆ ಜೋಪಾನವಾಗಿ ನೆಲಕ್ಕಿಟ್ಟಳು. ಕೋಣೆಗೆಲ್ಲ ಕೇಳುವ ಹಾಗೆ, ಕೆಮ್ಮದೆ, ಸ್ವಚ್ಛ ದನಿಯಲ್ಲಿ ಕೇಳಿದಳು:

"ಅಮ್ಮಾ, ನಮ್ಮ ಮಾವ ಸತ್ತುಹೋದ್ರೆ ಯಾರು ಬರ್ತಾರೆ?"